ಬೆಳಗಿನ ವಚನ, ಸಂಜೆಯ ಲೆಕ್ಕ



ದತ್ತಿ ಉಪನ್ಯಾಸಕ್ಕೆ ಬಂದವನಿಗೆ ಒಂದು ಅನುಕೂಲವಿದೆ. ಅವನು ಪ್ರಸಂಗ ಮಾಡಬೇಕಾಗಿಲ್ಲ. ಪ್ರಸಂಗಪೀಠದಲ್ಲಿ ನಿಂತವರು ಕೊನೆಗೆ ಎಲ್ಲರಿಂದ ಆಮೆನ್ ಹೇಳಿಸಬೇಕು. ನಾನು ನನ್ನ ವಾದವನ್ನು ನಿಮ್ಮ ಮುಂದಿಟ್ಟರೆ ಸಾಕು, ಒಪ್ಪದವರು ಕಾಫಿಯ ಹೊತ್ತಿಗೆ ನನ್ನನ್ನು ತರಾಟೆಗೆ ತೆಗೆದುಕೊಳ್ಳಬಹುದು.

ಬೈಬಲ್ ಓದುವವರು ಕಡಿಮೆಯಾಗಿದ್ದಾರೆ ಎಂಬ ದೂರು ಯಾವ ಸಭೆಗೆ ಹೋದರೂ ಕೇಳಿಸುತ್ತದೆ. ನನ್ನ ದೂರು ಬೇರೆ. ಓದುತ್ತಿರುವವರು ತಮಗೆ ಬೇಕಾದಷ್ಟನ್ನೇ ಓದುತ್ತಿದ್ದಾರೆ. ಹೊಸ ವರ್ಷದ ಹಿಂದಿನ ರಾತ್ರಿಯ ಆರಾಧನೆಯಲ್ಲಿ ತಟ್ಟೆ ತುಂಬ ವಾಗ್ದಾನದ ಕಾರ್ಡುಗಳು ಬರುತ್ತವೆ. ಒಬ್ಬರಿಗೆ ಕಾಪಾಡುವ ದೇವರು, ಇನ್ನೊಬ್ಬರಿಗೆ ತಲೆ ಎತ್ತಿಸುವ ದೇವರು, ಮತ್ತೊಬ್ಬರಿಗೆ ಶತ್ರುಗಳ ಎದುರಿಗೇ ಊಟ ಬಡಿಸುವ ದೇವರು. ಕೂಲಿಯವನಿಗೆ ಸಲ್ಲಬೇಕಾದ ಹಣ ಬೆಳಗಾಗುವವರೆಗೆ ಯಜಮಾನನ ಹತ್ತಿರ ಉಳಿಯಬಾರದೆಂದು ಯಾಜಕಕಾಂಡದ 19ನೆಯ ಅಧ್ಯಾಯ ವಿಧಿಸುತ್ತದೆ. ಆ ಆಜ್ಞೆ ಅಚ್ಚಾದ ಕಾರ್ಡನ್ನು ನಾನಂತೂ ಯಾವ ತಟ್ಟೆಯಲ್ಲೂ ಕಂಡಿಲ್ಲ. ಬೆಳಿಗ್ಗೆ ಐದೂವರೆಗೆ ವಾಟ್ಸ್‌ಆ್ಯಪ್‌ನಲ್ಲಿ ಸೂರ್ಯೋದಯದ ಚಿತ್ರದೊಂದಿಗೆ ಬರುವ ವಚನಗಳದ್ದೂ ಇದೇ ಕಥೆ. ಅನ್ಯಾಯವನ್ನು ಖಂಡಿಸುವ ಪ್ರವಾದಿ ಆಮೋಸನಿಗೆ ಸೂರ್ಯೋದಯದ ಚಿತ್ರ ಹೊಂದುವುದಿಲ್ಲ.

ದಿನವೂ ವಚನ ಧ್ಯಾನಿಸುವುದು ಒಳ್ಳೆಯದು ಎಂಬುದರಲ್ಲಿ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದ್ದರಿಂದ ಅದನ್ನೇ ಒಂದು ಗಂಟೆ ಹೊಗಳುವುದು ಕಾಲಹರಣ. ಆ ಧ್ಯಾನದ ವಚನವನ್ನು ಆರಿಸುವವರು ಯಾರು, ಅದು ಆ ದಿನದ ಯಾವ ಕೆಲಸದವರೆಗೆ ನಮ್ಮನ್ನು ಹಿಂಬಾಲಿಸುತ್ತದೆ ಎಂಬುದೇ ಇವತ್ತಿನ ನನ್ನ ವಿಷಯ.

ದಿನಕ್ಕೊಂದು ವಚನ ಎಂಬ ಪದ್ಧತಿಯ ಬೇರು ಹುಡುಕಿದರೆ ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಹೆರ್ನ್‌ಹುಟ್ ಎಂಬ ಊರು ಸಿಗುತ್ತದೆ. 1722ರಲ್ಲಿ ಮೊರೇವಿಯಾದಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರು ಜಿನ್‌ಜೆಂಡಾರ್ಫ್ ಎಂಬ ಯುವ ಜಹಗೀರುದಾರನ ಜಮೀನಿನಲ್ಲಿ ಮರ ಕಡಿದು ಮನೆ ಕಟ್ಟಿಕೊಂಡರು. ನಂಬಿಕೆಗಾಗಿ ಊರು ಬಿಟ್ಟವರು, ಒಟ್ಟಿಗೆ ನೆಮ್ಮದಿಯಿಂದ ಬಾಳಿರಬೇಕು ಎಂದುಕೊಳ್ಳುತ್ತೇವೆ. ಬಾಳಲಿಲ್ಲ. ಐದು ವರ್ಷದೊಳಗೆ ಸಿದ್ಧಾಂತದ ಹೆಸರಿನಲ್ಲಿ ಜಗಳವೆದ್ದು, ಒಬ್ಬರ ಮುಖ ಒಬ್ಬರು ನೋಡದ ಸ್ಥಿತಿ ಬಂತು. 1727ರ ಮೇ ತಿಂಗಳಲ್ಲಿ ಜಿನ್‌ಜೆಂಡಾರ್ಫ್ ಎಲ್ಲರನ್ನೂ ಕೂರಿಸಿ ಒಂದು ಒಡಂಬಡಿಕೆಗೆ ಒಪ್ಪಿಸಿದ. ಅದೇ ಆಗಸ್ಟ್ 13ರಂದು ಪಕ್ಕದ ಬೆರ್ಟೆಲ್ಸ್‌ಡಾರ್ಫ್ ಹಳ್ಳಿಯ ದೇವಾಲಯದಲ್ಲಿ ಕರ್ತನ ಭೋಜನಕ್ಕೆ ಸೇರಿದಾಗ ಜಗಳ ಕರಗಿತೆಂದು ಆ ಸಭೆಯವರು ಇಂದಿಗೂ ನೆನೆಯುತ್ತಾರೆ.

1728ರ ಮೇ 3ರ ಸಂಜೆ ಜಿನ್‌ಜೆಂಡಾರ್ಫ್ ಮರುದಿನಕ್ಕೆಂದು ಸಭೆಗೆ ಒಂದು ವಾಕ್ಯ ಕೊಟ್ಟ. ಬೆಳಗಾದ ಮೇಲೆ ಅದನ್ನು ಊರಿನ 32 ಮನೆಗಳಿಗೂ ಮುಟ್ಟಿಸಲಾಯಿತು. ಅಂದಿನಿಂದ ಅದೇ ರೂಢಿಯಾಯಿತು. ವಚನ ತಂದ ಸಹೋದರ ಬಾಗಿಲಲ್ಲೇ ಹೇಳಿ ಹೊರಟುಹೋಗುವವನಲ್ಲ, ಮನೆಯವರ ಯೋಗಕ್ಷೇಮವನ್ನೂ ವಿಚಾರಿಸುವವನು. ಜಗಳದಿಂದ ಎದ್ದುಬಂದ ಊರಿನಲ್ಲಿ ಬೆಳಗಿನ ವಚನವೆಂದರೆ ಒಬ್ಬರು ಇನ್ನೊಬ್ಬರ ಬಾಗಿಲಿಗೆ ಹೋಗಲೇಬೇಕಾದ ಕಾರಣ. 1731ರಲ್ಲಿ ಇಡೀ ವರ್ಷದ ವಚನಗಳು ಪುಸ್ತಿಕೆಯಾಗಿ ಅಚ್ಚಾದವು. ಅಲ್ಲಿಂದ ಇಲ್ಲಿಯವರೆಗೆ ಅದು ನಿಂತಿಲ್ಲ, ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಬರುತ್ತಿದೆ.

ಆ ವಚನಗಳನ್ನು ಈಗಲೂ ಹೆರ್ನ್‌ಹುಟ್‌ನಲ್ಲಿ ಚೀಟಿ ಎತ್ತಿಯೇ ಗೊತ್ತುಮಾಡುತ್ತಾರೆ. ಹಳೆಯ ಒಡಂಬಡಿಕೆಯಿಂದ ಆಯ್ದ ಸುಮಾರು 1,800 ವಚನಗಳ ಸಂಗ್ರಹವಿದೆ, ವರ್ಷದ ಪ್ರತಿದಿನಕ್ಕೂ ಅದರಿಂದ ಒಂದೊಂದನ್ನು ಎತ್ತುತ್ತಾರೆ. ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನವನ್ನು ಆಮೇಲೆ ಸಂಪಾದಕರು ಸೇರಿಸುತ್ತಾರೆ. ಹಾಗಾದರೆ ನಮ್ಮ ವಾಗ್ದಾನದ ಕಾರ್ಡಿಗೂ ಅವರ ಚೀಟಿಗೂ ಏನು ವ್ಯತ್ಯಾಸ ಎಂದು ನೀವು ಕೇಳಬೇಕು. ಅವರ ಚೀಟಿ ಊರಿಗೆಲ್ಲ ಒಂದೇ. ಸಾಲ ಕೊಟ್ಟವನೂ ಸಾಲ ತೀರಿಸದವನೂ ಆ ದಿನ ಒಂದೇ ವಾಕ್ಯದ ಕೆಳಗೆ ಎದ್ದರು. ನಮ್ಮ ಕಾರ್ಡು ನನ್ನದು, ನನ್ನ ಬೈಬಲಿನೊಳಗೆ ಸೇರುವಂಥದ್ದು. ಪಕ್ಕದವನ ಕಾರ್ಡಿನಲ್ಲಿ ಏನಿತ್ತೆಂದು ನನಗೆ ಗೊತ್ತಿರಬೇಕಾಗಿಲ್ಲ. ಇಷ್ಟು ಹೇಳಿ ಹೆರ್ನ್‌ಹುಟ್‌ನವರನ್ನೂ ಒಂದು ಮಾತು ಕೇಳಲೇಬೇಕು. ಆ 1,800 ವಚನಗಳೂ ಯಾರೋ ಕೂತು ಆಯ್ದವೇ. ಇಡೀ ಗ್ರಂಥದ ಸರದಿ ಓದಿಗೆ ಚೀಟಿ ಬದಲಿಯಾಗಲಾರದು.

ಆ ಪುಸ್ತಿಕೆಯನ್ನು ವರ್ಷಗಟ್ಟಲೆ ಓದಿದವರಲ್ಲಿ ಜರ್ಮನ್ ಸಭಾಪಾಲಕ ಡೀಟ್ರಿಚ್ ಬಾನ್‌ಹೋಫರ್ ಒಬ್ಬರು. ಹಿಟ್ಲರನ ಕಾಲದಲ್ಲಿ ಪ್ರಭುತ್ವಕ್ಕೆ ತಲೆಬಾಗಲು ಒಪ್ಪದ ಸಭೆಯವರು ತಮ್ಮ ಪಾಲಕರನ್ನು ತಯಾರುಮಾಡಲು 1935ರಲ್ಲಿ ಒಂದು ಶಾಲೆ ತೆರೆದರು. ಅದು ಫಿಂಕನ್‌ವಾಲ್ಡೆ ಎಂಬಲ್ಲಿ ನೆಲೆಯೂರಿತು, ಬಾನ್‌ಹೋಫರ್ ಅದರ ಮುಖ್ಯಸ್ಥರು. ಅಲ್ಲಿ ಪ್ರತಿದಿನ ಬೆಳಿಗ್ಗೆ ಅರ್ಧ ಗಂಟೆ ಮೌನಧ್ಯಾನ. ಒಂದು ವಾರ ಪೂರ್ತಿ ಒಂದೇ ಚಿಕ್ಕ ಭಾಗ. ವ್ಯಾಖ್ಯಾನಗ್ರಂಥ ಬಿಚ್ಚುವಂತಿಲ್ಲ, ಮುಂದಿನ ಭಾನುವಾರದ ಪ್ರಸಂಗಕ್ಕೆ ಅದರಲ್ಲಿ ಸಾಮಗ್ರಿ ಹುಡುಕುವಂತಿಲ್ಲ. ವಿಶ್ವವಿದ್ಯಾಲಯಗಳಲ್ಲಿ ಓದಿ ಬಂದ ಯುವಕರಿಗೆ ಇದು ಹಿಂಸೆಯಾಯಿತು. ನಿದ್ದೆ ಬರುತ್ತದೆ, ಮನಸ್ಸು ಎಲ್ಲೆಲ್ಲೋ ಹರಿಯುತ್ತದೆ, ಏನು ಮಾಡಬೇಕೆಂದೇ ತಿಳಿಯುವುದಿಲ್ಲ ಎಂದು ಗೊಣಗಿದರು. ಕಾರ್ಲ್ ಬಾರ್ತ್‌ನಂಥ ದೊಡ್ಡ ದೈವಶಾಸ್ತ್ರಜ್ಞರು 1936ರಲ್ಲಿ ಪತ್ರ ಬರೆದು, ಇದರಲ್ಲಿ ಸನ್ಯಾಸಿ ಮಠದ ವಾಸನೆ ಬರುತ್ತಿದೆಯೆಂದು ಅನುಮಾನ ತೋಡಿಕೊಂಡರು. ಬಾನ್‌ಹೋಫರ್ ಪದ್ಧತಿಯನ್ನು ಬಿಡಲಿಲ್ಲ. 1937ರಲ್ಲಿ ರಹಸ್ಯ ಪೊಲೀಸರು ಬಂದು ಶಾಲೆಗೆ ಬೀಗ ಹಾಕಿದರು. ಆ ಶಾಲೆಯಲ್ಲಿ ಕಲಿತವರಲ್ಲಿ ಕೆಲವರು ಜೈಲು ಕಂಡರು, ಹಲವರು ಯುದ್ಧದಲ್ಲಿ ಸತ್ತರು.

1939ರ ಜೂನ್‌ನಲ್ಲಿ ಬಾನ್‌ಹೋಫರ್ ನ್ಯೂಯಾರ್ಕಿನಲ್ಲಿದ್ದರು. ಗೆಳೆಯರು ಅವರನ್ನು ಉಳಿಸಲೆಂದೇ ಅಮೆರಿಕೆಗೆ ಕರೆಸಿದ್ದರು. ಉದ್ಯೋಗ ಸಿದ್ಧವಿತ್ತು, ಯುದ್ಧ ಹೊಸ್ತಿಲಲ್ಲಿತ್ತು. ಜೂನ್ 26ರಂದು ಅವರು ಓದಿದ್ದು ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯ ಅಧ್ಯಾಯ. ಸೆರೆಯಲ್ಲಿರುವ ಪೌಲ ಅಲ್ಲಿ ತನ್ನ ಶಿಷ್ಯನಿಗೆ ಚಳಿಗಾಲಕ್ಕೆ ಮುಂಚೆ ಬಂದುಬಿಡೆಂದು ಕೇಳಿಕೊಳ್ಳುತ್ತಾನೆ. ಈ ಮಾತನ್ನು ತನಗೇ ಹೇಳಿದ್ದೆಂದು ತೆಗೆದುಕೊಂಡರೆ ಅದು ಗ್ರಂಥದ ದುರುಪಯೋಗವಾಗದು ಎಂಬರ್ಥದಲ್ಲಿ ಬಾನ್‌ಹೋಫರ್ ದಿನಚರಿಯಲ್ಲಿ ಬರೆದುಕೊಂಡರು. ಮುಂದಿನ ತಿಂಗಳು ಹಡಗು ಹತ್ತಿ ಜರ್ಮನಿಗೆ ಹಿಂದಿರುಗಿದರು. 1943ರಲ್ಲಿ ಬಂಧನವಾಯಿತು. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬುರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಿದರು.

ಈ ಘಟನೆಯನ್ನು ಅನೇಕರು ತಪ್ಪಾಗಿ ಹೇಳುತ್ತಾರೆ. ಪುಸ್ತಕ ತೆರೆದರು, ವಾಕ್ಯ ಸಿಕ್ಕಿತು, ಹಡಗು ಹತ್ತಿದರು ಎಂದು ಶಕುನದ ಕಥೆ ಮಾಡಿಬಿಡುತ್ತಾರೆ. ಆದರೆ ಅಮೆರಿಕದ ಉದ್ಯೋಗ ಬೇಡವೆಂದು ಅವರು ಹೇಳಿಯಾಗಿದ್ದು ಅದಕ್ಕೆ ಒಂದು ವಾರ ಮೊದಲು. ಒಳಗಿನ ತಳಮಳ ಮಾತ್ರ ಇಳಿದಿರಲಿಲ್ಲ. ಪೌಲನ ಆ ಸಾಲು ತನ್ನಷ್ಟಕ್ಕೆ ಬಹಳ ಸಾಧಾರಣವಾದದ್ದು, ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ತರಲು ಹೇಳುವ ಅದೇ ಅಧ್ಯಾಯದ್ದು. ಚೀಟಿ ಎತ್ತುವ ತಟ್ಟೆಯಲ್ಲಿ ಅದನ್ನು ಯಾರೂ ಇಡುವುದಿಲ್ಲ. ವರ್ಷಗಟ್ಟಲೆ ಬೇಕಾದ್ದು ಬೇಡವಾದ್ದು ಎರಡನ್ನೂ ಓದಿದ ಮನುಷ್ಯನಿಗೆ ಮಾತ್ರ ಇಂಥ ಸಾಲು ಕೇಳಿಸುತ್ತದೆ. 1944ರ ಜುಲೈ 20ರಂದು ಹಿಟ್ಲರನ ಹತ್ಯೆಯ ಯತ್ನ ವಿಫಲವಾಯಿತು. ಆ ಸಂಚಿನವರೊಂದಿಗೆ ನಂಟಿದ್ದ ಬಾನ್‌ಹೋಫರ್‌ಗೆ ತನ್ನ ಸಾವು ಇನ್ನು ದೂರವಿಲ್ಲವೆಂದು ತಿಳಿದಿತ್ತು. ಮರುದಿನವೇ ಸೆರೆಮನೆಯಿಂದ ಗೆಳೆಯ ಬೇತ್ಗೆಗೆ ಬರೆದ ಪತ್ರದಲ್ಲಿ ಅವರು ಆ ಎರಡು ದಿನಗಳ ಹೆರ್ನ್‌ಹುಟ್ ವಚನಗಳನ್ನು ಸಂತೋಷದಿಂದ ನೆನೆಯುತ್ತಾರೆ.

ಇಲ್ಲಿ ಇನ್ನೊಂದು ಮಾತು ಸೇರಿಸದಿದ್ದರೆ ಅಪ್ರಾಮಾಣಿಕತೆಯಾಗುತ್ತದೆ. ಅದೇ ಪುಸ್ತಿಕೆ ಜರ್ಮನಿಯ ಅಸಂಖ್ಯ ಮನೆಗಳ ಊಟದ ಮೇಜಿನ ಮೇಲಿತ್ತು. ಪಕ್ಕದ ಮನೆಯ ಯೆಹೂದ್ಯರನ್ನು ಎಳೆದೊಯ್ದ ಬೆಳಿಗ್ಗೆಯೂ ಆ ಮೇಜುಗಳಲ್ಲಿ ವಚನ ಓದಿದರು, ತಿಂಡಿ ತಿಂದರು, ಹೆಚ್ಚಿನವರು ಸುಮ್ಮನಿದ್ದರು. ಓದಿನಿಂದ ನಿಷ್ಠೆ ತಾನಾಗಿ ಹುಟ್ಟುವುದಿಲ್ಲ.

ಹುಟ್ಟದಿರಲು ಒಂದು ಕಾರಣ ನಾವು ವಚನವನ್ನು ಅದರ ಅಕ್ಕಪಕ್ಕದಿಂದ ಕಿತ್ತು ತೆಗೆಯುವುದು. ಯೆರೆಮೀಯನ 29ನೆಯ ಅಧ್ಯಾಯದ 11ನೆಯ ವಚನವನ್ನು ತೆಗೆದುಕೊಳ್ಳಿ. ದೇವರು ತನ್ನ ಜನರ ಬಗ್ಗೆ ಇಟ್ಟುಕೊಂಡಿರುವ ಒಳ್ಳೆಯ ಯೋಚನೆಗಳನ್ನೂ ಭವಿಷ್ಯದ ನಿರೀಕ್ಷೆಯನ್ನೂ ಹೇಳುವ ಆ ಮಾತು ನಮ್ಮ ಕ್ಯಾಲೆಂಡರುಗಳಲ್ಲಿ, ಕೀಲಿಗೊಂಚಲುಗಳಲ್ಲಿ, ಕಾಲೇಜಿಗೆ ಸೇರುವ ಮಕ್ಕಳಿಗೆ ಕೊಡುವ ಬೈಬಲಿನ ಮೊದಲ ಹಾಳೆಯಲ್ಲಿ ಇದೆ. ಅದರ ಹಿಂದಿನ ವಚನ ಎಪ್ಪತ್ತು ವರ್ಷಗಳ ಗಡುವು ಹೇಳುತ್ತದೆ. ಕ್ರಿ.ಪೂ. 597ರಲ್ಲಿ ಬಾಬಿಲೋನಿಗೆ ಸೆರೆ ಹೋದವರಿಗೆ ಪ್ರವಾದಿ ಯೆರೂಸಲೇಮಿನಿಂದ ಕಳಿಸಿದ ಕಾಗದವದು. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆಂದು ಹನನ್ಯನೆಂಬ ಜನಪ್ರಿಯ ಪ್ರವಾದಿ ಹಿಂದಿನ ಅಧ್ಯಾಯದಲ್ಲಷ್ಟೇ ಸಾರಿದ್ದಾನೆ. ಯೆರೆಮೀಯ ಅದನ್ನು ಅಲ್ಲಗಳೆದು, ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿಸಿ, ನಿಮ್ಮನ್ನು ಸೆರೆ ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎನ್ನುತ್ತಾನೆ. ಆ ಕಾಗದ ಓದಿಸಿಕೊಂಡ ದೊಡ್ಡವರಲ್ಲಿ ಬಹುಪಾಲು ಜನ ಬಿಡುಗಡೆಯನ್ನು ಕಾಣದೆಯೇ ಸಾಯುವವರು. ಅವರಿಗೆ ಕೊಟ್ಟ ವಾಗ್ದಾನವನ್ನು ಮಗನ ಪ್ರವೇಶಪರೀಕ್ಷೆಗೆ ಅಂಟಿಸುವಾಗ ಸ್ವಲ್ಪ ಸಂಕೋಚವಿರಲಿ. ಹಾಗೆಂದು ಆ ವಚನವನ್ನು ಮಗನಿಗೆ ಬರೆದುಕೊಡಬೇಡಿ ಎನ್ನುತ್ತಿಲ್ಲ. ಇಡೀ ಅಧ್ಯಾಯವನ್ನೇ ಬರೆದುಕೊಡಿ. ಬೆಂಗಳೂರಿನ ಹಾಸ್ಟೆಲಿಗೋ ದುಬೈಯ ಕೆಲಸಕ್ಕೋ ಹೋಗುವ ಹುಡುಗನಿಗೆ, ನೀನಿರುವ ಊರಿನ ಹಿತ ನೋಡು ಎನ್ನುವ 7ನೆಯ ವಚನ 11ನೆಯದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಕಿತ್ತು ತೆಗೆದ ವಚನ ಎಷ್ಟು ಅಪಾಯಕಾರಿ ಎಂಬುದಕ್ಕೆ ಸಾಕ್ಷಿ ಸುವಾರ್ತೆಯಲ್ಲೇ ಇದೆ. ಮತ್ತಾಯನ ನಾಲ್ಕನೆಯ ಅಧ್ಯಾಯದಲ್ಲಿ ಸೈತಾನನು ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ ಕೆಳಗೆ ಹಾರು ಎನ್ನುವಾಗ ಆಧಾರ ಕೊಡುವುದು 91ನೆಯ ಕೀರ್ತನೆಯಿಂದ. ನಮ್ಮ ಮನೆಗಳಲ್ಲಿ ಕಾಯಿಲೆ ಬಿದ್ದಾಗ, ಪ್ರಯಾಣ ಹೊರಟಾಗ ಓದುವ ಅದೇ ಕೀರ್ತನೆ. ಯೇಸುವಿನ ಮೂರು ಉತ್ತರಗಳೂ ಧರ್ಮೋಪದೇಶಕಾಂಡದ 6 ಮತ್ತು 8ನೆಯ ಅಧ್ಯಾಯಗಳಿಂದ ಬರುತ್ತವೆ. ನಲವತ್ತು ವರ್ಷ ಅರಣ್ಯದಲ್ಲಿ ಅಲೆದ ಜನರಿಗೆ ಅವರ ಹಸಿವನ್ನೂ ಗೊಣಗಾಟವನ್ನೂ ನೆನಪಿಸುವ ಅಧ್ಯಾಯಗಳವು. ಇಡಿಯಾಗಿ ಓದಿಕೊಂಡವನ ಎದುರು ಬಿಡಿ ವಚನ ನಿಲ್ಲಲಿಲ್ಲ. ನಮ್ಮಲ್ಲಿ ಎಷ್ಟು ಜನ ಧರ್ಮೋಪದೇಶಕಾಂಡ ಓದಿದ್ದೇವೆ? ಕೈ ಎತ್ತಿ ಎನ್ನುವುದಿಲ್ಲ.

ಕಹಿಯಾದ ಭಾಗಗಳನ್ನು ಬಿಟ್ಟುಬಿಡುವುದರಲ್ಲಿ ಇನ್ನೊಂದು ನಷ್ಟವಿದೆ. 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗೊಂದು ಸ್ತೋತ್ರವಿಲ್ಲ, ಸಮಾಧಾನವಿಲ್ಲ. ಮಗುವನ್ನು ಕಳೆದುಕೊಂಡ ತಾಯಿಗೆ ನಾವು ಎರಡನೆಯ ದಿನವೇ ಸ್ತುತಿಯ ವಚನ ಕಳಿಸುತ್ತೇವೆ. ಆಕೆಯ ಮಾತನ್ನು ಹಾಗೆಯೇ ಆಡುವ ಒಂದು ಕೀರ್ತನೆ ಗ್ರಂಥದಲ್ಲೇ ಇರುವುದು ಆಕೆಗೆ ಗೊತ್ತಾಗುವುದೇ ಇಲ್ಲ. ದುಃಖಪಡುವುದು ನಂಬಿಕೆಯ ಕೊರತೆ ಎಂದು ಆಕೆ ಎಣಿಸಿಕೊಂಡರೆ ಆ ತಪ್ಪು ನಮ್ಮದು.

ಕನ್ನಡಕ್ಕೆ ಈ ಗ್ರಂಥ ಬಂದ ಬಗೆಯನ್ನು ಒಂದಿಷ್ಟು ನೋಡೋಣ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಭಾಷೆ ಕಲಿತು, ಸುಮಾರು ಇಪ್ಪತ್ತು ವರ್ಷ ದುಡಿದ ಮೇಲೆ ಇಡೀ ಬೈಬಲ್ ಕನ್ನಡದಲ್ಲಿ ದೊರೆತದ್ದು 1831ರ ಹೊತ್ತಿಗೆ. 1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದರು. ಆ ಮಿಷನ್ನಿನಿಂದ ಇಲ್ಲಿಗೆ ಬಂದ ಅನೇಕರು, ಮೋಗ್ಲಿಂಗ್ ಅವರೂ ಸೇರಿ, ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಮನೆಮಂದಿಯೆಲ್ಲ ಕೂತು ಬೈಬಲ್ ಓದುವುದನ್ನೇ ಭಕ್ತಿಯ ಬೆನ್ನೆಲುಬೆಂದು ತಿಳಿದಿದ್ದ ಪರಂಪರೆ ಅದು. ನಮ್ಮ ಮನೆಪ್ರಾರ್ಥನೆಯ ಕ್ರಮದಲ್ಲಿ, ಮೊದಲು ಹಾಡು, ಆಮೇಲೆ ಓದು, ಆಮೇಲೆ ಪ್ರಾರ್ಥನೆ ಎಂಬಲ್ಲಿ, ಅವರ ಅಡುಗೆಮನೆಗಳ ನೆನಪು ಇನ್ನೂ ಇದೆ ಎಂದು ನನಗನಿಸುತ್ತದೆ.

ಆದರೆ ಮಂಗಳೂರಿನಲ್ಲಿ ಓದು ಓದಾಗಿಯೇ ಉಳಿಯಲಿಲ್ಲ. ದೀಕ್ಷಾಸ್ನಾನ ಪಡೆದವನನ್ನು ಮನೆಯವರು ಹೊರಗೆ ಹಾಕಿದರು, ಕುಲಕಸುಬು ತಪ್ಪಿತು, ಅವನ ಹೊಟ್ಟೆಗೇನು ಎಂಬ ಪ್ರಶ್ನೆ ಮಿಷನ್ನಿನ ಬಾಗಿಲಿಗೆ ಬಂತು. 1851ರಲ್ಲಿ ಹಾಲರ್ ಬಂದ ಮೇಲೆ ನೇಯ್ಗೆ ಸುಧಾರಿಸಿತು, 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಸುವಾರ್ತೆಗೂ ಹೆಂಚಿಗೂ ಏನು ಸಂಬಂಧ ಎಂದು ಆಗಲೇ ಆಕ್ಷೇಪಿಸಿದವರಿದ್ದರು. ಯಾಕೋಬನ ಪತ್ರಿಕೆಯನ್ನು ಓದಿದವರು ಆ ಪ್ರಶ್ನೆ ಕೇಳಲಾರರು. ಅನ್ನವಸ್ತ್ರವಿಲ್ಲದವನಿಗೆ ಬರೀ ಒಳ್ಳೆಯ ಮಾತು ಹೇಳಿ ಕಳಿಸುವ ನಂಬಿಕೆಯನ್ನು ಅವನು ಎರಡನೆಯ ಅಧ್ಯಾಯದಲ್ಲಿ ಸತ್ತದ್ದೆಂದೇ ಕರೆಯುತ್ತಾನೆ.

ಅದೇ ಪರಂಪರೆಯಲ್ಲಿ ಮಂಗಳೂರಿನಲ್ಲಿ ದೈವಜ್ಞಾನ ಕಲಿತ ಸಭಾಪಾಲಕರು ಉತ್ತಂಗಿ ಚನ್ನಪ್ಪನವರು. ಹಳ್ಳಿ ಹಳ್ಳಿ ಸುತ್ತಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದವರು, 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ಸತ್ಯವೇದವನ್ನು ಗಂಭೀರವಾಗಿ ಓದುವವನು ಬೇರೆ ಪುಸ್ತಕ ಮುಟ್ಟಬಾರದು ಎನ್ನುವ ನಮ್ಮ ಕೆಲವು ಹೊಸ ಉಪದೇಶಕರಿಗೆ ಉತ್ತಂಗಿಯವರ ಬದುಕೇ ಉತ್ತರ.

ಕಥೋಲಿಕ ಬಂಧುಗಳೂ ಇಲ್ಲಿದ್ದೀರಿ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ನವೆಂಬರಿನಲ್ಲಿ ದೈವಪ್ರಕಟನೆಯ ಕುರಿತ ದಸ್ತಾವೇಜಿನ ಮೂಲಕ ಶ್ರೀಸಾಮಾನ್ಯರೆಲ್ಲ ಗ್ರಂಥವನ್ನು ಮೇಲಿಂದ ಮೇಲೆ ಓದಬೇಕೆಂದು ಒತ್ತಾಯಿಸಿತು. 1969ರಲ್ಲಿ ಬಂದ ವಾಚನಗಳ ಪಟ್ಟಿಯಲ್ಲಿ ಭಾನುವಾರಗಳಿಗೆ ಮೂರು ವರ್ಷದ ಸರದಿ, ವಾರದ ದಿನಗಳಿಗೆ ಎರಡು ವರ್ಷದ ಸರದಿ. ಆ ಪಟ್ಟಿಯ ಗುಣವೆಂದರೆ ಅದು ನನ್ನನ್ನು ಕೇಳಿ ಮಾಡಿದ್ದಲ್ಲ. ಇವತ್ತು ನನ್ನ ಮನಸ್ಸು ಹೇಗಿದೆ ಎಂಬುದು ಅದಕ್ಕೆ ಬೇಕಾಗಿಲ್ಲ. ಪ್ರಾಟೆಸ್ಟೆಂಟರಾದ ನಾವು ಈ ವಿಷಯದಲ್ಲಿ ಅವರಿಂದ ಕಲಿಯುವುದಿದೆ.

ಹಾಗಾದರೆ ವರ್ಷಕ್ಕೊಮ್ಮೆ ಬೈಬಲ್ ಮುಗಿಸುವ ಯೋಜನೆ ಒಳ್ಳೆಯದೇ? ಸ್ಕಾಟ್ಲೆಂಡಿನ ಡಂಡಿಯ ಯುವ ಸಭಾಪಾಲಕ ರಾಬರ್ಟ್ ಮರ್ರೆ ಮಕ್‌ಚೇಯ್ನ್ 1842ರಲ್ಲಿ ತನ್ನ ಸಭೆಗಾಗಿ ಅಂಥ ಪಟ್ಟಿ ಮಾಡಿದ. ದಿನಕ್ಕೆ ನಾಲ್ಕು ಅಧ್ಯಾಯ, ವರ್ಷದಲ್ಲಿ ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ, ಉಳಿದದ್ದು ಒಂದು ಸಲ. ಮರುವರ್ಷವೇ 29ರ ಹರೆಯದಲ್ಲಿ ತೀರಿಕೊಂಡ. ಅವನ ಪಟ್ಟಿ ಈಗಲೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ, ಅವನ ಎಚ್ಚರಿಕೆ ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಇದು ಬರೀ ಆಚರಣೆಯಾದೀತು, ಓದಿ ಮುಗಿಸಿದವನಿಗೆ ಜಂಬ ಬಂದೀತು, ಓಟ ಹೆಚ್ಚಾಗಿ ಅರ್ಥ ತಪ್ಪೀತು, ಕೆಲವರಿಗೆ ಹೊರೆಯಾದೀತು ಎಂದು ಪಟ್ಟಿ ಮಾಡಿದವನೇ ಬರೆದಿಟ್ಟಿದ್ದಾನೆ. ನನ್ನ ಮಟ್ಟಿಗೆ ದಿನಕ್ಕೊಂದು ಅಧ್ಯಾಯ ಸಾಕು. ಸರದಿ ತಪ್ಪಿಸಬಾರದು, ಅಷ್ಟೆ. ಬೈಬಲಿನಲ್ಲಿ 1,189 ಅಧ್ಯಾಯಗಳಿವೆ, ಮೂರು ವರ್ಷ ಮೂರು ತಿಂಗಳಲ್ಲಿ ಮುಗಿಯುತ್ತದೆ. ಅವಸರವೇನಿದೆ?

ಓದಲು ಬಾರದವರ ಪ್ರಶ್ನೆ ಉಳಿದಿದೆ. ಈಗಿನ ಕಾಲದಲ್ಲಿ ಹಾಗೆಂದರೆ ಅಜ್ಜಿಯಂದಿರು ಮಾತ್ರವಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮೊಮ್ಮಗ ಕನ್ನಡ ಬೈಬಲನ್ನು ಅಕ್ಷರ ಕೂಡಿಸಿಯೂ ಓದಲಾರ. ಅಚ್ಚುಯಂತ್ರ ಬರುವವರೆಗೆ ಹೆಚ್ಚಿನ ಕ್ರೈಸ್ತರು ಈ ಗ್ರಂಥವನ್ನು ಕೇಳಿಯೇ ತಿಳಿದವರು. ಆದ್ದರಿಂದ ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಮೊಬೈಲಿನಲ್ಲಿ ಕೇಳಿಸುವ ಬೈಬಲ್ ಇದೆಯೆಂದು ಆ ಓದನ್ನು ಬಿಡಬೇಡಿ. ತಪ್ಪು ಓದಿದಾಗ ನಕ್ಕು ತಿದ್ದುವ ಅಜ್ಜಿ ಮೊಬೈಲಿನಲ್ಲಿಲ್ಲ.

ಇನ್ನು ಸಂಜೆಯ ಲೆಕ್ಕ. ಲೊಯೊಲಾದ ಇಗ್ನೇಷಿಯಸ್ ಹದಿನಾರನೆಯ ಶತಮಾನದಲ್ಲೇ ತನ್ನ ಸಂಗಡಿಗರಿಗೆ ದಿನದ ಕೊನೆಗೆ ಆ ದಿನವನ್ನು ದೇವರೆದುರು ಹಿಂದಿರುಗಿ ನೋಡುವ ಅಭ್ಯಾಸ ಕಲಿಸಿದ. ನಮ್ಮಲ್ಲಿ ಬೆಳಗಿನ ಓದಿದೆ, ಸಂಜೆಯ ಈ ನೋಟ ಬಿಟ್ಟುಹೋಗಿದೆ. ಯಾಜಕಕಾಂಡ 19 ಓದಿದ ದಿನ ಕೆಲಸದವಳ ಸಂಬಳ ಕೊಟ್ಟೆವೇ? ಹಬ್ಬಕ್ಕೆ ಊರಿಗೆ ಹೋದಳೆಂದು ಎರಡು ದಿನದ ದುಡ್ಡು ಹಿಡಿದೆವೇ? ಆಮೋಸನ 8ನೆಯ ಅಧ್ಯಾಯದಲ್ಲಿ ಅಳತೆ ಕಿರಿದು ಮಾಡಿ ಬೆಲೆ ಹಿರಿದು ಮಾಡುವವರ ಮಾತು ಬರುತ್ತದೆ, ಆ ದಿನ ಅಂಗಡಿಯಲ್ಲಿ ನಮ್ಮ ತಕ್ಕಡಿ ಹೇಗಿತ್ತು? ಲೂಕನ 19ರಲ್ಲಿ ಜಕ್ಕಾಯ ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎನ್ನುತ್ತಾನೆ, ಯೇಸು ಆ ಮನೆಗೆ ರಕ್ಷಣೆಯಾಯಿತೆನ್ನುವುದು ಅದಾದ ಮೇಲೆ. ಸಭೆಯ ಆಸ್ತಿಗಾಗಿ, ಸಮಿತಿಯ ಕುರ್ಚಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿರುವ ನಮ್ಮವರು ಎರಡೂ ಪಕ್ಷದಲ್ಲಿ ಆ ಬೆಳಿಗ್ಗೆ ವಚನ ಓದಿಯೇ ವಕೀಲರ ಹತ್ತಿರ ಹೋಗುತ್ತಾರೆ. ಸಹೋದರರು ಒಬ್ಬರ ಮೇಲೊಬ್ಬರು ನ್ಯಾಯಾಲಯಕ್ಕೆ ಹೋಗುವುದನ್ನು ಖಂಡಿಸುವ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 6ನೆಯ ಅಧ್ಯಾಯ ಅವರ ಸರದಿಯಲ್ಲಿ ಯಾವ ದಿನ ಬರುತ್ತದೋ.

ಓದು ತಪ್ಪಿದ ದಿನಗಳ ಬಗ್ಗೆ ಬಹಳ ಕೊರಗಬೇಡಿ. ಜ್ವರ ಬರುತ್ತದೆ, ಮಗು ಅಳುತ್ತದೆ, ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಬೆಳಗೆಂಬುದೇ ಇರುವುದಿಲ್ಲ. ಮರುದಿನ ಎರಡು ಅಧ್ಯಾಯ ಓದಿ ಸರಿದೂಗಿಸುವ ಹಟವೂ ಬೇಡ. ನಿಲ್ಲಿಸಿದಲ್ಲಿಂದ ಮುಂದುವರಿಸಿದರೆ ಆಯಿತು.

ನನ್ನ ಕೋರಿಕೆ ಇಷ್ಟೇ. ಜನವರಿ ಒಂದರವರೆಗೆ ಕಾಯಬೇಡಿ. ನಾಳೆ ಬೆಳಿಗ್ಗೆ ಆಮೋಸನಿಂದ ಆರಂಭಿಸಿ, ಒಂಬತ್ತೇ ಅಧ್ಯಾಯ. ಅದು ಮುಗಿದ ಮೇಲೆ ಯಾಕೋಬನ ಪತ್ರಿಕೆ, ಐದೇ ಅಧ್ಯಾಯ. ಮನೆಯವರೆಲ್ಲ ಒಂದೇ ಭಾಗವನ್ನು ಓದಿ, ರಾತ್ರಿ ಊಟದ ಹೊತ್ತಿಗೆ ಅದರ ಬಗ್ಗೆ ಒಂದು ಮಾತಾದರೂ ಆಡಿ. ಈ ಎರಡು ಪುಸ್ತಕ ಮುಗಿಯುವುದರೊಳಗೆ ನಿಮ್ಮ ಮನೆಯಲ್ಲಿ ಯಾರಿಗಾದರೂ ಕೊಡಬೇಕಾದ ಹಣ ಬಾಕಿಯಿದ್ದರೆ ಅದನ್ನು ಕೊಟ್ಟುಬಿಡಿ.